ತೆವಳುತ್ತಿರುವ ಹಳೇ ಫೈಲ್ ಸರ್ವರ್: ಯಾವುದನ್ನು ಮೊದಲು ಮುಟ್ಟಬೇಕು, ಯಾವುದನ್ನು ಮುಟ್ಟಲೇಬಾರದು

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದು ಲೆಕ್ಕಪರಿಶೋಧಕರ ಕಚೇರಿ. 16 ಕಂಪ್ಯೂಟರ್‌ಗಳಿಗೆ ಒಂದೇ ಟವರ್ ಸರ್ವರ್: ವಿಂಡೋಸ್ ಸರ್ವರ್ 2012 ಆರ್2, 8 ಜಿಬಿ ರ‍್ಯಾಮ್, 1 ಟಿಬಿಯ ನಾಲ್ಕು ಸಾಟಾ ಡಿಸ್ಕ್ ಸೇರಿಸಿದ ರೈಡ್ 5. ಟ್ಯಾಲಿ ಡೇಟಾ, ಎಕ್ಸೆಲ್, ಸ್ಕ್ಯಾನ್ ಮಾಡಿದ ಪಿಡಿಎಫ್ ಎಲ್ಲವೂ ಅದರಲ್ಲೇ. ನೋಡಿಕೊಳ್ಳುತ್ತಿದ್ದವರು ಕೆಲಸ ಬಿಟ್ಟ ಮೇಲೆ ಯಾರೂ ಅದರ ತಂಟೆಗೆ ಹೋಗಿಲ್ಲ. ಈಗ ಎಕ್ಸೆಲ್ ಫೈಲ್ ತೆರೆಯಲು ಅರ್ಧ ನಿಮಿಷ ಬೇಕು, ಸೇವ್ ಒತ್ತಿದರೆ ಪರದೆ ಬೆಳ್ಳಗಾಗಿ ನಿಲ್ಲುತ್ತದೆ. ಬೆಳಿಗ್ಗೆ 10ರವರೆಗೆ ಕಾಟ ಹೆಚ್ಚು. ಡಿ ಡ್ರೈವ್‌ನ ಪಟ್ಟಿ ಕೆಂಪಾಗಿದೆ. ಒಂದು ಡಿಸ್ಕ್‌ನ ದೀಪ ಹಳದಿಯಾಗಿ ಮಿನುಗುತ್ತದೆ. ರಾತ್ರಿ 11ಕ್ಕೆ ಯುಎಸ್‌ಬಿ ಡಿಸ್ಕ್‌ಗೆ ಬ್ಯಾಕಪ್ ಆಗುತ್ತದೆ ಎಂದು ಹೇಳಿಹೋಗಿದ್ದರು, ನೋಡಿದವರಿಲ್ಲ. ಒಬ್ಬರು ರ‍್ಯಾಮ್ ಹೆಚ್ಚಿಸಿ ಎನ್ನುತ್ತಾರೆ, ಇನ್ನೊಬ್ಬರು ಹೊಸ ಸರ್ವರ್‌ಗೆ ಕೊಟೇಶನ್ ಕಳಿಸಿದ್ದಾರೆ. ಸದ್ಯಕ್ಕೆ ರೀಸ್ಟಾರ್ಟ್ ಮಾಡಿ ನೋಡಲೇ?

ಉತ್ತರ: ಬೇಡ, ರೀಸ್ಟಾರ್ಟ್ ಮಾಡಬೇಡಿ. ವರ್ಷಗಟ್ಟಲೆ ಒಂದೇ ಸಮ ತಿರುಗಿದ ಹಾರ್ಡ್ ಡಿಸ್ಕ್ ಒಮ್ಮೆ ನಿಂತು ತಣ್ಣಗಾದರೆ ಮತ್ತೆ ತಿರುಗದೇ ಹೋಗುವುದುಂಟು. ಬಾಕಿ ಉಳಿದ ವಿಂಡೋಸ್ ಅಪ್‌ಡೇಟ್‌ಗಳು ರೀಸ್ಟಾರ್ಟ್ ಹೊತ್ತಿಗೆ ಶುರುವಾಗಿ ಗಂಟೆಗಟ್ಟಲೆ ಪರದೆ ಹಿಡಿದುಕೊಳ್ಳುವುದೂ ಉಂಟು. ಆರೋಗ್ಯವಂತ ಯಂತ್ರಕ್ಕೆ ಇವೆರಡೂ ಸಣ್ಣ ವಿಷಯ. ನಿಮ್ಮದು ಆರೋಗ್ಯವಂತ ಯಂತ್ರವಲ್ಲ.

ಆ ಹಳದಿ ದೀಪವೇ ನಿಮ್ಮ ಪ್ರಶ್ನೆಯ ಮುಖ್ಯ ಸಾಲು. ರೈಡ್ 5ರಲ್ಲಿ ನಾಲ್ಕು ಡಿಸ್ಕ್ ಪೈಕಿ ಒಂದು ಹೋದರೂ ಕೆಲಸ ನಡೆಯುತ್ತದೆ. ಎರಡನೆಯದು ಹೋದರೆ ಎಲ್ಲ ಹೋದಂತೆ. ಒಂದು ಕೈಕೊಟ್ಟ ಸ್ಥಿತಿಗೆ ಡಿಗ್ರೇಡೆಡ್ ಎನ್ನುತ್ತಾರೆ. ಆಗ ಸತ್ತ ಡಿಸ್ಕ್‌ನಲ್ಲಿದ್ದ ಪ್ರತಿ ತುಣುಕನ್ನೂ ಉಳಿದ ಮೂರರಿಂದ ಓದಿ, ಲೆಕ್ಕ ಹಾಕಿ, ಮರಳಿ ಕಟ್ಟಿಕೊಡಬೇಕು. ಒಂದು ಓದು ಮೂರು ಓದಾಗುತ್ತದೆ. ನಿಧಾನಕ್ಕೆ ಅದೊಂದೇ ಸಾಕು. ಆದರೆ ನೀವು ಕೇಳಿರುವ ನಿಧಾನಕ್ಕಿಂತ ದೊಡ್ಡ ಅಪಾಯ ಅಲ್ಲಿ ಕೂತಿದೆ: ಉಳಿದ ಮೂರೂ ಒಂದೇ ದಿನ ಕೊಂಡವು, ಅಷ್ಟೇ ಗಂಟೆ ತಿರುಗಿದವು. ವರ್ಷಕ್ಕೆ 8,760 ಗಂಟೆ. ಹತ್ತು ವರ್ಷ ಎಂದರೆ 87 ಸಾವಿರ ದಾಟುತ್ತದೆ.

ಆದ್ದರಿಂದ ಕ್ರಮ ಹೀಗಿರಲಿ. ಮೊದಲು ಡೇಟಾ ಹೊರಗೆ ತರುವುದು, ಆಮೇಲೆ ಡಿಸ್ಕ್, ಆಮೇಲೆ ಅಳತೆ, ಕೊಳ್ಳುವುದು ಕೊನೆಗೆ. ದಿನವನ್ನೂ ನೋಡಿಕೊಳ್ಳಿ. ತಿಂಗಳ 11 ಮತ್ತು 20ರ ಜಿಎಸ್‌ಟಿ ಗಡುವುಗಳ ಹಿಂದೆ ಮುಂದೆ ಡಿಸ್ಕ್ ಬದಲಿಸುವ ಕೆಲಸಕ್ಕೆ ಕೈಹಾಕಬೇಡಿ. ನಕಲು ತೆಗೆಯುವುದಕ್ಕೆ ಮಾತ್ರ ಮುಹೂರ್ತ ಕಾಯಬೇಡಿ, ಇವತ್ತೇ ರಾತ್ರಿ ಶುರು ಮಾಡಿ.

ನಕಲು ತೆಗೆಯುವುದು

4 ಟಿಬಿಯ ಹೊಸ ಯುಎಸ್‌ಬಿ 3.0 ಡಿಸ್ಕ್ ಒಂದು ಕೊಳ್ಳಿ. ಎನ್‌ಟಿಎಫ್‌ಎಸ್ ಆಗಿ ಫಾರ್ಮ್ಯಾಟ್ ಮಾಡಿ; ಎಕ್ಸ್‌ಫ್ಯಾಟ್‌ನಲ್ಲಿ ಫೋಲ್ಡರ್‌ಗಳ ಪರ್ಮಿಶನ್ ಉಳಿಯುವುದಿಲ್ಲ. ಅದನ್ನು ಸರ್ವರ್‌ಗೇ ಚುಚ್ಚಬೇಕೆಂದಿಲ್ಲ. ಆ ಕಾಲದ ಎಷ್ಟೋ ಸರ್ವರ್‌ಗಳಲ್ಲಿ ಇರುವುದು ಯುಎಸ್‌ಬಿ 2.0 ಪೋರ್ಟ್, ಅದರಲ್ಲಿ ಸೆಕೆಂಡಿಗೆ 30 ಎಂಬಿಯ ಆಸುಪಾಸು ಮಾತ್ರ. ಗಿಗಾಬಿಟ್ ಸಂಪರ್ಕವಿರುವ ಒಂದು ಹೊಸ ಡೆಸ್ಕ್‌ಟಾಪ್‌ಗೆ ಚುಚ್ಚಿ ನೆಟ್‌ವರ್ಕ್ ಮೂಲಕ ಎಳೆದರೆ, ಡಿಸ್ಕ್ ಕೊಡುವಷ್ಟು ಕೊಟ್ಟರೆ, 110 ಎಂಬಿವರೆಗೂ ಸಿಗುತ್ತದೆ.

ಎಕ್ಸ್‌ಪ್ಲೋರರ್‌ನಲ್ಲಿ ಕಾಪಿ-ಪೇಸ್ಟ್ ಮಾಡಬೇಡಿ. ಮಧ್ಯೆ ಒಂದು ಫೈಲ್ ಓದಲಾಗದಿದ್ದರೆ ಅದು ಪ್ರಶ್ನೆ ಕೇಳುತ್ತ ಬೆಳಗಿನವರೆಗೂ ಕಾಯುತ್ತದೆ. ವಿಂಡೋಸ್‌ನಲ್ಲೇ ಇರುವ ರೋಬೋಕಾಪಿ ಎಂಬ ನಕಲು ಕಮಾಂಡ್ ಬಳಸಿ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಮೂಲ ಮತ್ತು ಗುರಿ ಕೊಟ್ಟ ಮೇಲೆ ಈ ಸ್ವಿಚ್‌ಗಳನ್ನು ಸೇರಿಸಿ (ಇಲ್ಲಿ ಉಚ್ಚಾರದಲ್ಲಿ ಬರೆದಿದೆ): /ಇ, /ಕಾಪಿಆಲ್, /ಡಿಕಾಪಿ:ಟಿ, /ಆರ್:1, /ಡಬ್ಲ್ಯೂ:1, ಮತ್ತು ಲಾಗ್ ಫೈಲ್‌ನ ಹೆಸರು. ಆರ್ ಮತ್ತು ಡಬ್ಲ್ಯೂ ಮರೆಯಬೇಡಿ. ಅವನ್ನು ಕೊಡದಿದ್ದರೆ ಒಂದು ಕೆಟ್ಟ ಫೈಲ್‌ಗಾಗಿ ಅದು 30 ಸೆಕೆಂಡಿಗೊಮ್ಮೆಯಂತೆ ಹತ್ತು ಲಕ್ಷ ಸಲ ಪ್ರಯತ್ನಿಸುತ್ತದೆ, ಅದರ ಮೂಲ ಸೆಟ್ಟಿಂಗೇ ಹಾಗಿದೆ. ವೇಗಕ್ಕೆಂದು ಎಲ್ಲರೂ ಹೇಳುವ /ಎಂಟಿ ಇಲ್ಲಿ ಬೇಡ. ಏಕಕಾಲಕ್ಕೆ ಎಂಟು ಎಳೆಯಲ್ಲಿ ಓದಿಸಿದರೆ ಸುಸ್ತಾದ ಡಿಸ್ಕ್‌ನ ಹೆಡ್ ಅತ್ತಿಂದಿತ್ತ ಓಡಾಡಿ ಇನ್ನೂ ನಿಧಾನವಾಗುತ್ತದೆ. /ಎಂಐಆರ್ ಅಂತೂ ಬೇಡವೇ ಬೇಡ. ಮೂಲದಲ್ಲಿ ಕಾಣದ್ದನ್ನು ಅದು ಗುರಿಯಲ್ಲೂ ಅಳಿಸುತ್ತದೆ.

ಒಂದೇ ಏಟಿಗೆ ಇಡೀ ಡ್ರೈವ್ ನಕಲು ಮಾಡಬೇಡಿ. ಮೊದಲು ಟ್ಯಾಲಿ ಡೇಟಾ ಫೋಲ್ಡರ್, ಆಮೇಲೆ ಈ ವರ್ಷದ ಕಕ್ಷಿದಾರರ ಫೋಲ್ಡರ್‌ಗಳು, ಆಮೇಲೆ ಹಿಂದಿನ ವರ್ಷಗಳು, ಕೊನೆಗೆ ಸ್ಕ್ಯಾನ್ ರಾಶಿ. ನಡುವೆ ಡಿಸ್ಕ್ ಕೈಕೊಟ್ಟರೂ ಬೇಕಾದ್ದು ಕೈಲಿರುತ್ತದೆ. ಎಲ್ಲರೂ ಟ್ಯಾಲಿ ಮುಚ್ಚಿದ ಮೇಲೆ ಮಾಡಿ, ತೆರೆದಿರುವಾಗ ತೆಗೆದ ನಕಲು ಅರ್ಧಂಬರ್ಧ ಇರಬಹುದು. ಮುಗಿದ ಮೇಲೆ ಲಾಗ್‌ನ ಕೊನೆಯಲ್ಲಿ ಫೇಲ್ಡ್ ಎಂಬ ಅಂಕಣ ನೋಡಿ. ಸೊನ್ನೆ ಇಲ್ಲದಿದ್ದರೆ ಯಾವ ಫೈಲ್ ಎಂದು ಬರೆದಿಟ್ಟುಕೊಳ್ಳಿ. ನಂತರ ಬೇರೊಂದು ಕಂಪ್ಯೂಟರ್‌ನಲ್ಲಿ ಆ ನಕಲಿನಿಂದಲೇ ಎರಡು ಮೂರು ಕಂಪನಿಗಳನ್ನು ಟ್ಯಾಲಿಯಲ್ಲಿ ತೆರೆದು ಟ್ರಯಲ್ ಬ್ಯಾಲೆನ್ಸ್ ತಾಳೆ ನೋಡಿ. ತೆರೆದು ನೋಡದ ನಕಲನ್ನು ನಕಲೆಂದು ಲೆಕ್ಕಕ್ಕೆ ಹಿಡಿಯಬೇಡಿ.

ಇಷ್ಟಾಗುವವರೆಗೆ ಚೆಕ್‌ಡಿಸ್ಕ್ (ಡಿಸ್ಕ್‌ನ ತಪ್ಪು ತಿದ್ದುವ ವಿಂಡೋಸ್ ಸಾಧನ) ಓಡಿಸಬಾರದು, ಡಿಫ್ರಾಗ್ (ಚದುರಿದ ಫೈಲ್ ತುಣುಕುಗಳನ್ನು ಒಟ್ಟು ಮಾಡುವುದು) ಮಾಡಬಾರದು. ಚೆಕ್‌ಡಿಸ್ಕ್ ಸರಿಪಡಿಸುವುದು ಫೈಲ್ ಸಿಸ್ಟಮ್‌ನ ಹೊಂದಾಣಿಕೆಯನ್ನು. ಅದಕ್ಕಾಗಿ ಓದಲಾಗದ ಫೈಲ್‌ಗಳನ್ನು ಕಿತ್ತೆಸೆಯಲು ಹಿಂಜರಿಯುವುದಿಲ್ಲ.

ಹಳದಿ ದೀಪ

ರೈಡ್ ಕಾರ್ಡ್‌ನ (ಡಿಸ್ಕ್‌ಗಳನ್ನು ಒಂದಾಗಿ ನಡೆಸುವ ಕಾರ್ಡ್) ಹಿಂದಿರುವ ಡಿಸ್ಕ್‌ಗಳು ವಿಂಡೋಸ್‌ಗೆ ನೇರವಾಗಿ ಕಾಣುವುದಿಲ್ಲ. ಡಿಸ್ಕ್ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಓಡಿಸಿ "ಏನೂ ತೊಂದರೆ ಇಲ್ಲ" ಎಂದುಕೊಳ್ಳುವವರು ಇಲ್ಲೇ ಎಡವುವುದು. ಕಾರ್ಡ್‌ನದೇ ತಂತ್ರಾಂಶ ಬೇಕು: ಡೆಲ್ ಆದರೆ ಓಪನ್‌ಮ್ಯಾನೇಜ್ ಅಥವಾ ಐಡ್ರ್ಯಾಕ್, ಎಚ್‌ಪಿ ಆದರೆ ಸ್ಮಾರ್ಟ್ ಸ್ಟೋರೇಜ್ ಅಡ್ಮಿನಿಸ್ಟ್ರೇಟರ್ ಅಥವಾ ಐಎಲ್‌ಒ, ಎಲ್‌ಎಸ್‌ಐ ಮೂಲದ ಕಾರ್ಡ್‌ಗಳಿಗೆ ಮೆಗಾರೈಡ್ ಸ್ಟೋರೇಜ್ ಮ್ಯಾನೇಜರ್. ಅಲ್ಲಿ ಮೂರು ವಿಷಯ ನೋಡಿ.

ಒಂದು, ಯಾವ ಸ್ಲಾಟ್‌ನ ಡಿಸ್ಕ್ ಕೆಟ್ಟಿದೆ. ಫೇಲ್ಡ್ ಎಂದಿದೆಯೋ ಪ್ರಿಡಿಕ್ಟಿವ್ ಫೇಲ್ಯೂರ್ ಎಂದಿದೆಯೋ ಗಮನಿಸಿ. ಎರಡನೆಯದಾದರೆ ಡಿಸ್ಕ್ ಇನ್ನೂ ಜೀವದಲ್ಲಿದೆ, ರೈಡ್ ಇನ್ನೂ ಪೂರ್ತಿ ಇದೆ, ನಿಮಗೆ ಸ್ವಲ್ಪ ಸಮಯವಿದೆ. ಎರಡು, ಉಳಿದ ಡಿಸ್ಕ್‌ಗಳ ಮೀಡಿಯಾ ಎರರ್ ಎಣಿಕೆ. ಸ್ಮಾರ್ಟ್ (ಡಿಸ್ಕ್ ತಾನೇ ಇಟ್ಟುಕೊಳ್ಳುವ ಆರೋಗ್ಯದ ದಾಖಲೆ) ವಿವರ ತೋರಿಸಿದರೆ 5, 197, 198ನೇ ಸಾಲುಗಳನ್ನು ನೋಡಿ: ಬದಲಿಸಿದ ಸೆಕ್ಟರ್ (ಡಿಸ್ಕ್‌ನ ಅತಿ ಸಣ್ಣ ಭಾಗ), ಬದಲಿಗೆ ಕಾದಿರುವ ಸೆಕ್ಟರ್, ಓದಲೇ ಆಗದ ಸೆಕ್ಟರ್. 197 ಸೊನ್ನೆಗಿಂತ ಮೇಲಿದ್ದು ದಿನದಿಂದ ದಿನಕ್ಕೆ ಏರುತ್ತಿದ್ದರೆ ಆ ಡಿಸ್ಕ್ ಕೂಡ ಹೊರಡುವ ಹಾದಿಯಲ್ಲಿದೆ. 199 ಮಾತ್ರ ಏರಿದ್ದರೆ ತಪ್ಪು ಡಿಸ್ಕ್‌ನದಲ್ಲ, ಸಾಟಾ ಕೇಬಲ್‌ನದೋ ಕನೆಕ್ಟರ್‌ನದೋ ಇರಬೇಕು. ಮೂರು, ಕಾರ್ಡ್‌ನ ಬ್ಯಾಟರಿ.

ಬ್ಯಾಟರಿಯ ವಿಷಯ ತುಸು ಬಿಡಿಸಿ ಹೇಳಬೇಕು, ಏಕೆಂದರೆ ಅದನ್ನು ಯಾರೂ ನೋಡುವುದಿಲ್ಲ. ಕ್ಯಾಶ್ ಇರುವ ರೈಡ್ ಕಾರ್ಡ್ ಬರೆಯಬೇಕಾದ್ದನ್ನು ತನ್ನ ನೆನಪಿನಲ್ಲಿ ಹಿಡಿದು "ಆಯಿತು" ಎಂದು ಹೇಳಿಬಿಡುತ್ತದೆ, ಆಮೇಲೆ ಪುರುಸೊತ್ತಿನಲ್ಲಿ ಡಿಸ್ಕ್‌ಗೆ ಇಳಿಸುತ್ತದೆ. ಇದು ರೈಟ್-ಬ್ಯಾಕ್. ಕರೆಂಟ್ ಹೋದರೆ ಆ ನೆನಪು ಅಳಿಯದಿರಲೆಂದು ಬ್ಯಾಟರಿ ಇರುತ್ತದೆ. ಕೆಲವು ವರ್ಷಗಳಲ್ಲಿ ಅದು ಸತ್ತಾಗ ಕಾರ್ಡ್ ಸದ್ದಿಲ್ಲದೆ ರೈಟ್-ಥ್ರೂಗೆ ಬದಲಾಗುತ್ತದೆ, ಅಂದರೆ ಪ್ರತಿ ಬರಹವೂ ಡಿಸ್ಕ್ ಮುಟ್ಟುವವರೆಗೆ ಕಾಯುತ್ತದೆ. ಇದರ ಬೆಲೆ ಎಷ್ಟೆಂದು ಲೆಕ್ಕ ಹಾಕಿ ನೋಡಿ. 7,200 ಸುತ್ತಿನ ಡಿಸ್ಕ್‌ನಲ್ಲಿ ಹೆಡ್ ಜಾಗಕ್ಕೆ ಹೋಗಲು 8-9 ಮಿಲಿಸೆಕೆಂಡ್, ಅರ್ಧ ಸುತ್ತು ಕಾಯಲು 4.17 ಮಿಲಿಸೆಕೆಂಡ್. ಸೆಕೆಂಡಿಗೆ ಸುಮಾರು 80 ಕೆಲಸ. ನಾಲ್ಕು ಡಿಸ್ಕ್ ಸೇರಿ 320. ಆದರೆ ರೈಡ್ 5ರಲ್ಲಿ ಒಂದು ಸಣ್ಣ ಬರಹಕ್ಕೆ ಹಳೆಯ ಡೇಟಾ ಓದು, ಹಳೆಯ ಪ್ಯಾರಿಟಿ (ಕಳೆದ ತುಣುಕನ್ನು ಮರಳಿ ಕಟ್ಟಲು ಇಟ್ಟ ಲೆಕ್ಕ) ಓದು, ಹೊಸ ಡೇಟಾ ಬರೆ, ಹೊಸ ಪ್ಯಾರಿಟಿ ಬರೆ ಎಂದು ನಾಲ್ಕು ಕೆಲಸ. ಅಲ್ಲಿಗೆ ಸೆಕೆಂಡಿಗೆ 80 ಬರಹವೇ ಮಿತಿ, ಅದನ್ನು 16 ಜನ ಹಂಚಿಕೊಳ್ಳಬೇಕು. ಎಕ್ಸೆಲ್ ಒಂದು ಸೇವ್‌ಗೆ ಹೊಸ ತಾತ್ಕಾಲಿಕ ಫೈಲ್ ಬರೆದು, ಹಳೆಯದನ್ನು ತೆಗೆದು, ಹೆಸರು ಬದಲಿಸುತ್ತದೆ. ಪರದೆ ಬೆಳ್ಳಗಾಗುವುದು ಆ ಸರತಿ ಸಾಲಿನಲ್ಲಿ. ಅಷ್ಟೂ ಹೊತ್ತು ಸಿಪಿಯು ಶೇ. 5ರಲ್ಲಿ ಆರಾಮಾಗಿರುತ್ತದೆ, ಆದ್ದರಿಂದ ಟಾಸ್ಕ್ ಮ್ಯಾನೇಜರ್‌ನ ಸಿಪಿಯು ಪುಟ ನೋಡಿದವರಿಗೆ ಏನೂ ಸಿಗುವುದಿಲ್ಲ.

ಬ್ಯಾಟರಿ ಇಲ್ಲದೆಯೂ ರೈಟ್-ಬ್ಯಾಕ್ ಬಲವಂತವಾಗಿ ಆನ್ ಮಾಡುವ ಆಯ್ಕೆ ಕೆಲವು ಕಾರ್ಡ್‌ಗಳಲ್ಲಿದೆ. ಮಾಡಬೇಡಿ. ಬೇಸಿಗೆಯ ಒಂದು ಗುಡುಗು ಮಳೆಗೆ ಯುಪಿಎಸ್ ಕೈಕೊಟ್ಟರೆ ಟ್ಯಾಲಿ ಡೇಟಾ ಹರಿದುಹೋಗುತ್ತದೆ.

ಇನ್ನು ಡಿಸ್ಕ್ ಬದಲಿಸುವುದು. ಅಳತೆ 1 ಟಿಬಿ ಅಥವಾ ಹೆಚ್ಚು. ಒಂದೇ ಒಂದು ಸೆಕ್ಟರ್ ಕಡಿಮೆಯಿದ್ದರೂ ಕಾರ್ಡ್ ಒಪ್ಪದಿರಬಹುದು. ಸಾಟಾ ಇದ್ದಲ್ಲಿಗೆ ಸಾಟಾ. ಸರ್ವರ್ ಅಥವಾ ನ್ಯಾಸ್ (ನೆಟ್‌ವರ್ಕ್‌ನಲ್ಲಿ ಫೈಲ್ ಇಡುವ ಪೆಟ್ಟಿಗೆ) ದರ್ಜೆಯದೇ ಇರಲಿ. ಸಾಧಾರಣ ಡೆಸ್ಕ್‌ಟಾಪ್ ಡಿಸ್ಕ್ ಕೆಟ್ಟ ಸೆಕ್ಟರ್ ಸಿಕ್ಕಾಗ ಬಹಳ ಹೊತ್ತು ಒದ್ದಾಡುತ್ತದೆ, ಅಷ್ಟರಲ್ಲಿ ಕಾರ್ಡ್ ಅದನ್ನು ಸತ್ತಿತೆಂದು ಹೊರಹಾಕುತ್ತದೆ. ಸರ್ವರ್ ದರ್ಜೆಯವು ಸಾಮಾನ್ಯವಾಗಿ 7 ಸೆಕೆಂಡಿಗೆ ಕೈಬಿಟ್ಟು ತಪ್ಪನ್ನು ವರದಿ ಮಾಡುತ್ತವೆ. ಎಸ್‌ಎಂಆರ್ ಬಗೆಯ (ಸಾಲುಗಳನ್ನು ಒಂದರ ಮೇಲೊಂದು ಚಾಚಿ ಬರೆಯುವ) ಡಿಸ್ಕ್ ಬೇಡ, ಹಾಗೆ ಚಾಚದ ಸಿಎಂಆರ್ ಎಂದು ಕೇಳಿ ಪಡೆಯಿರಿ. ನ್ಯಾಸ್ ಎಂದು ಹೆಸರಿದ್ದ ಮಾತ್ರಕ್ಕೆ ನಂಬುವಂತಿಲ್ಲ: ವೆಸ್ಟರ್ನ್ ಡಿಜಿಟಲ್‌ನ ರೆಡ್ ಸರಣಿಯ 2ರಿಂದ 6 ಟಿಬಿ ಡಿಸ್ಕ್‌ಗಳಲ್ಲಿ ಕೆಲವು ಎಸ್‌ಎಂಆರ್ ಎಂಬುದು 2020ರಲ್ಲಿ ಬೆಳಕಿಗೆ ಬಂತು.

ಎಳೆಯುವ ಮುನ್ನ ತಂತ್ರಾಂಶದಲ್ಲಿ ಆ ಡಿಸ್ಕ್‌ನ ಮುಂದೆ ಬ್ಲಿಂಕ್ ಅಥವಾ ಲೊಕೇಟ್ ಒತ್ತಿ, ದೀಪ ಮಿನುಗಿದ್ದನ್ನು ಕಣ್ಣಾರೆ ನೋಡಿ, ಸೀರಿಯಲ್ ನಂಬರ್ ಬರೆದುಕೊಳ್ಳಿ. ಸ್ಲಾಟ್ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೋ ಒಂದರಿಂದಲೋ ಎಂಬ ಗೊಂದಲದಲ್ಲೇ ತಪ್ಪು ಡಿಸ್ಕ್ ಎಳೆದು ಇಡೀ ರೈಡ್ ಕಳೆದುಕೊಳ್ಳುವುದು. ಡಿಗ್ರೇಡೆಡ್ ಸ್ಥಿತಿಯಲ್ಲಿ ಒಳ್ಳೆಯ ಡಿಸ್ಕ್ ಎಳೆದರೆ ಎಲ್ಲ ಮುಗಿಯಿತು. ಹೊಸದನ್ನು ತಳ್ಳಿದ ಮೇಲೆ ರೀಬಿಲ್ಡ್ (ಹೊಸ ಡಿಸ್ಕ್‌ಗೆ ಡೇಟಾ ಮರಳಿ ಕಟ್ಟುವುದು) ತಾನಾಗಿ ಶುರುವಾಗದಿದ್ದರೆ ತಂತ್ರಾಂಶದಿಂದ ಹಾಟ್ ಸ್ಪೇರ್ (ಕಾಯ್ದಿರಿಸಿದ ಬದಲಿ ಡಿಸ್ಕ್) ಎಂದು ಗುರುತಿಸಿ. ಇನಿಶಿಯಲೈಸ್, ಕ್ಲಿಯರ್ ಕಾನ್ಫಿಗರೇಶನ್ ಎಂಬ ಗುಂಡಿಗಳ ಹತ್ತಿರ ಸುಳಿಯಬೇಡಿ.

1 ಟಿಬಿ ರೀಬಿಲ್ಡ್ ಖಾಲಿ ಯಂತ್ರದಲ್ಲಿ ಮೂರು ಗಂಟೆ. ಜನ ಕೆಲಸ ಮಾಡುತ್ತಿದ್ದರೆ ಇಡೀ ದಿನ ಹಿಡಿಯಬಹುದು. ಶನಿವಾರ ಸಂಜೆ ಹಾಕಿ. ಈ ಹೊತ್ತಿನಲ್ಲಿ ಉಳಿದ ಮೂರೂ ಡಿಸ್ಕ್‌ಗಳನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕು, ವರ್ಷಗಳಿಂದ ಯಾರೂ ಮುಟ್ಟದ ಮೂಲೆಗಳನ್ನೂ. ಎರಡನೇ ಡಿಸ್ಕ್ ಸಾಯುವುದು ಹೆಚ್ಚಾಗಿ ಆಗಲೇ. ನಕಲು ಮೊದಲು ಎಂದು ಮೇಲೆ ಒತ್ತಿ ಹೇಳಿದ್ದು ಇದಕ್ಕೇ.

ಈಗ ಅಳೆಯಿರಿ

ರೈಡ್ ಪೂರ್ತಿಯಾದ ಮೇಲೆಯೂ ನಿಧಾನ ಉಳಿದರೆ (ಸ್ವಲ್ಪ ಉಳಿಯುತ್ತದೆ), ಊಹೆ ಬಿಟ್ಟು ಅಂಕಿ ತೆಗೆಯಿರಿ. ಪರ್ಫಾರ್ಮೆನ್ಸ್ ಮಾನಿಟರ್‌ನಲ್ಲಿ ಡೇಟಾ ಕಲೆಕ್ಟರ್ ಸೆಟ್ ಒಂದು ಮಾಡಿ, ಬೆಳಿಗ್ಗೆ 9:30ರಿಂದ 11:30ರವರೆಗೆ 15 ಸೆಕೆಂಡಿಗೊಮ್ಮೆ ದಾಖಲಿಸಲು ಬಿಡಿ. ಫಿಸಿಕಲ್ ಡಿಸ್ಕ್ ಅಡಿಯಲ್ಲಿ ಓದಿಗೆ ಮತ್ತು ಬರಹಕ್ಕೆ ತಗುಲುವ ಸರಾಸರಿ ಸೆಕೆಂಡ್, ಮೆಮೊರಿ ಅಡಿಯಲ್ಲಿ ಅವೈಲಬಲ್ ಎಂಬೈಟ್ಸ್, ಪ್ರೊಸೆಸರ್ ಬಳಕೆ, ನೆಟ್‌ವರ್ಕ್ ಕಾರ್ಡ್‌ನ ಒಟ್ಟು ಬೈಟ್‌ಗಳು, ಇಷ್ಟು ಸಾಕು. ಡಿಸ್ಕ್ ಅಂಕಿ ಸೆಕೆಂಡಿನಲ್ಲಿ ಬರುತ್ತದೆ: 0.010ರ ಒಳಗೆ ಚೆನ್ನ, 0.020 ದಾಟಿದರೆ ಜನಕ್ಕೆ ಗೊತ್ತಾಗುತ್ತದೆ, 0.050 ದಾಟಿದರೆ ದೂರು ಬರುತ್ತದೆ.

ರ‍್ಯಾಮ್ ಬೇಕೋ ಬೇಡವೋ ಇಲ್ಲೇ ತೀರ್ಮಾನವಾಗುತ್ತದೆ. ಫ್ರೀ ಎಂಬ ಅಂಕಿ ಸೊನ್ನೆ ಹತ್ತಿರವಿದ್ದರೆ ಗಾಬರಿ ಬೇಡ. ಫೈಲ್ ಸರ್ವರ್ ಖಾಲಿ ರ‍್ಯಾಮನ್ನೆಲ್ಲ ಫೈಲ್‌ಗಳ ಕ್ಯಾಶ್‌ಗೆ ಬಳಸಿಕೊಳ್ಳುವುದು ಸರಿಯಾದ ಗುಣವೇ. ನೋಡಬೇಕಾದ್ದು ಅವೈಲಬಲ್. ಅದು 1 ಜಿಬಿಗಿಂತ ಕೆಳಗೇ ಇರುತ್ತಿದ್ದರೆ ಯಾರು ತಿನ್ನುತ್ತಿದ್ದಾರೆಂದು ಹುಡುಕಿ. ನಿಮ್ಮ ವಿವರಣೆಯಿಂದ ನೋಡಿದರೆ ರ‍್ಯಾಮ್ ಎರಡನೇ ದರ್ಜೆಯ ಸಂಶಯ. ಸೇವ್ ಒತ್ತಿದಾಗ ನಿಲ್ಲುವ ಕಾಯಿಲೆಗೆ ರ‍್ಯಾಮ್ ಮದ್ದಲ್ಲ.

ಇವೆಂಟ್ ವ್ಯೂವರ್‌ನ ಸಿಸ್ಟಮ್ ಲಾಗ್‌ನಲ್ಲಿ 7, 11, 51, 129, 153 ಎಂಬ ಸಂಖ್ಯೆಗಳನ್ನು ಸೋಸಿ ನೋಡಿ. 7 ಕೆಟ್ಟ ಬ್ಲಾಕ್. 129 ಡಿಸ್ಕ್ ಉತ್ತರಿಸದೆ ರೀಸೆಟ್ ಮಾಡಿದ್ದು. 153 ಕೆಲಸವನ್ನು ಮತ್ತೆ ಪ್ರಯತ್ನಿಸಿದ್ದು. ನಿಮ್ಮವರು "ಆಗ ನಿಂತಿತು" ಎಂದ ಸಮಯಕ್ಕೂ ಇವಕ್ಕೂ ತಾಳೆಯಾದರೆ ಬೇರೆ ಪುರಾವೆ ಬೇಡ.

ಬೆಳಗಿನ ಕಾಟಕ್ಕೆ ನನ್ನ ಮೊದಲ ಸಂಶಯ ಬ್ಯಾಕಪ್ ಮೇಲೆ. ಬ್ಯಾಕಪ್‌ಗೆ ಹೋಗುವ ಡೇಟಾ 1.2 ಟಿಬಿ ಎಂದು ಹಿಡಿಯಿರಿ. ಅದನ್ನು ಯುಎಸ್‌ಬಿ 2.0ರಲ್ಲಿ ಸೆಕೆಂಡಿಗೆ 30 ಎಂಬಿಯಂತೆ ಬರೆದರೆ 40,000 ಸೆಕೆಂಡ್, ಅಂದರೆ 11 ಗಂಟೆ ಚಿಲ್ಲರೆ. ರಾತ್ರಿ 11ಕ್ಕೆ ಹೊರಟದ್ದು ಬೆಳಿಗ್ಗೆ 10 ದಾಟಿ ಮುಗಿಯುತ್ತದೆ. ಬ್ಯಾಕಪ್ ಹಾಕಿದ ವರ್ಷ ಡೇಟಾ ಕಡಿಮೆಯಿತ್ತು, ನಸುಕಿನಲ್ಲೇ ಮುಗಿಯುತ್ತಿತ್ತು. ಡೇಟಾ ಬೆಳೆದ ಹಾಗೆ ಕಚೇರಿ ವೇಳೆಗೆ ಚಾಚಿಕೊಂಡಿತು. ಟಾಸ್ಕ್ ಶೆಡ್ಯೂಲರ್‌ನಲ್ಲಿ ಕೊನೆಯ ಓಟದ ಸಮಯ, ಫಲಿತಾಂಶ ಎರಡನ್ನೂ ನೋಡಿ. ಫಲಿತಾಂಶ 0x0 ಇಲ್ಲದಿದ್ದರೆ ಎಷ್ಟು ದಿನದಿಂದ ಬ್ಯಾಕಪ್ ಆಗಿಲ್ಲವೋ ಎಂದು ಯುಎಸ್‌ಬಿ ಡಿಸ್ಕ್‌ನ ತಾರೀಖು ನೋಡಿಯೇ ತಿಳಿಯಬೇಕು. ದಿನವೂ ಪೂರ್ತಿ ನಕಲು ಬಿಟ್ಟು, ಬದಲಾದದ್ದನ್ನು ಮಾತ್ರ ತೆಗೆಯುವಂತೆ ಮಾಡಿದರೆ ಕಾಟ ಅರ್ಧಕ್ಕಿಂತ ಇಳಿಯುತ್ತದೆ. ಎರಡನೇ ಸಂಶಯ ಆ್ಯಂಟಿವೈರಸ್‌ನ ನಿತ್ಯದ ಸ್ಕ್ಯಾನ್. ಅದರ ವೇಳೆಯನ್ನು ರಾತ್ರಿಗೆ ತಳ್ಳಿ, ಟ್ಯಾಲಿ ಡೇಟಾ ಫೋಲ್ಡರ್ ಒಂದನ್ನು ಮಾತ್ರ ವಿನಾಯಿತಿಗೆ ಸೇರಿಸಿ, ಇಡೀ ಡಿ ಡ್ರೈವನ್ನಲ್ಲ. ಎರಡು ಆ್ಯಂಟಿವೈರಸ್ ಒಟ್ಟಿಗೆ ಕೂತಿದ್ದರೆ ಒಂದನ್ನು ತೆಗೆಯಿರಿ.

ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಅದೇ ಸರ್ವರ್ ಡೊಮೈನ್ ಕಂಟ್ರೋಲರ್ (ಕಚೇರಿಯ ಎಲ್ಲರ ಲಾಗಿನ್ ನೋಡಿಕೊಳ್ಳುವ ಯಂತ್ರ) ಕೂಡ ಆಗಿದ್ದರೆ, ಆ್ಯಕ್ಟಿವ್ ಡೈರೆಕ್ಟರಿ ಎಂಬ ಲಾಗಿನ್ ಡೇಟಾಬೇಸ್ ಇರುವ ಡಿಸ್ಕ್‌ನ ರೈಟ್ ಕ್ಯಾಶನ್ನು ವಿಂಡೋಸ್ ತಾನಾಗಿ ಆಫ್ ಮಾಡುತ್ತದೆ. ಸಿ ಮತ್ತು ಡಿ ಒಂದೇ ಡಿಸ್ಕ್ ಗುಂಪಿನ ಎರಡು ಭಾಗಗಳಾಗಿದ್ದರೆ ಡಿ ಡ್ರೈವ್‌ನ ಬರಹವೂ ಇದರ ಏಟು ತಿನ್ನುತ್ತದೆ. ಇದನ್ನು ತಿರುಚಲು ಹೋಗಬೇಡಿ. ಹೊಸ ಯಂತ್ರ ತರುವಾಗ ಎರಡನ್ನೂ ಬೇರೆ ಡಿಸ್ಕ್‌ಗಳಲ್ಲಿ ಇಡಿ.

ನೆಟ್‌ವರ್ಕ್ ಪರೀಕ್ಷೆ ಸುಲಭ. ಸರ್ವರ್‌ನಿಂದ 2 ಜಿಬಿಯ ಒಂದೇ ಫೈಲನ್ನು ಎರಡು ಸಲ ಎಳೆದು ಎರಡನೇ ಸಲದ ವೇಗ ನೋಡಿ, ಆಗ ಅದು ಕ್ಯಾಶ್‌ನಿಂದ ಬರುವುದರಿಂದ ಡಿಸ್ಕ್‌ನ ಪಾತ್ರ ಇರುವುದಿಲ್ಲ. 100 ದಾಟಿದರೆ ತಂತಿ ಚೆನ್ನಾಗಿದೆ. 11-12 ಎಂಬಿಗೆ ಅಂಟಿಕೊಂಡರೆ ಎಲ್ಲೋ ಸಂಪರ್ಕ 100 ಮೆಗಾಬಿಟ್‌ಗೆ ಬಿದ್ದಿದೆ. ಒಂದೇ ಕಂಪ್ಯೂಟರ್‌ನಲ್ಲಾದರೆ ಅದರ ಕೇಬಲ್. ಎಲ್ಲದರಲ್ಲೂ ಆದರೆ ಸರ್ವರ್‌ನ ಕೇಬಲ್ ಅಥವಾ ಸ್ವಿಚ್. ಗಿಗಾಬಿಟ್‌ಗೆ ನಾಲ್ಕೂ ಜೋಡಿ ತಂತಿ ಬೇಕು, 100 ಮೆಗಾಬಿಟ್‌ಗೆ ಎರಡು ಸಾಕು. ಉಳಿದೆರಡು ಜೋಡಿಯಲ್ಲಿ ಇಲಿ ಒಂದು ಎಳೆ ಕಡಿದರೂ ಸಂಪರ್ಕ ಕಡಿಯದೆ ವೇಗ ಮಾತ್ರ ಹತ್ತರಲ್ಲಿ ಒಂದಾಗುವುದು ಹೀಗೆ.

ಕ್ರಿಂಪಿಂಗ್ (ಕೇಬಲ್ ತುದಿಗೆ ಪ್ಲಗ್ ಕೂರಿಸುವುದು) ಮಾಡಿದವರು ಯಾರೆಂಬುದನ್ನೂ ವಿಚಾರಿಸಿ. ಬಣ್ಣದ ಜೋಡಿಗಳನ್ನು 1-2, 3-4, 5-6, 7-8 ಎಂದು ನೇರ ಸಾಲಿನಲ್ಲಿ ಕೂರಿಸಿದ್ದರೆ ಟೆಸ್ಟರ್‌ನ ಎಂಟೂ ದೀಪ ಹತ್ತುತ್ತವೆ, ಸಂಪರ್ಕವೂ ಸಿಗುತ್ತದೆ. ಆದರೆ 3 ಮತ್ತು 6ನೇ ಪಿನ್‌ಗಳು ಒಂದೇ ಜೋಡಿಯವಾಗಿರಬೇಕು. ಹಾಗಿಲ್ಲದಿದ್ದರೆ ಕೇಬಲ್ ಉದ್ದವಾದಷ್ಟೂ ತಪ್ಪುಗಳು ಏರಿ, ಪ್ಯಾಕೆಟ್ ಮತ್ತೆ ಮತ್ತೆ ಕಳಿಸಬೇಕಾಗುತ್ತದೆ. ಸರಿಯಾದ ಕ್ರಮ ಎರಡೂ ತುದಿಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಿಂದೆ ಯಾರಾದರೂ ನೆಟ್‌ವರ್ಕ್ ಕಾರ್ಡನ್ನು 100 ಫುಲ್ ಡ್ಯೂಪ್ಲೆಕ್ಸ್ (ಏಕಕಾಲಕ್ಕೆ ಎರಡೂ ದಿಕ್ಕು) ಎಂದು ಕೈಯಾರೆ ಕಟ್ಟಿಹಾಕಿದ್ದರೆ ಆಟೋಗೆ ಮರಳಿಸಿ. ಒಂದು ಕಡೆ ಕಟ್ಟು, ಇನ್ನೊಂದು ಕಡೆ ಆಟೋ ಇದ್ದರೆ ಸ್ವಿಚ್ ಹಾಫ್ ಡ್ಯೂಪ್ಲೆಕ್ಸ್ (ಒಮ್ಮೆಗೆ ಒಂದೇ ದಿಕ್ಕು) ಎಂದು ತಿಳಿದು ಡಿಕ್ಕಿಯಾಟ ನಡೆಯುತ್ತದೆ.

ಫೋಲ್ಡರ್ ಮೊದಲ ಸಲ ತೆರೆಯಲು ಮಾತ್ರ ಅರ್ಧ ನಿಮಿಷ, ಆಮೇಲೆ ಸಲೀಸು ಎಂದಾದರೆ ಅದು ವೇಗದ ಸಮಸ್ಯೆಯೇ ಅಲ್ಲ, ಹೆಸರು ಹುಡುಕುವ ಸಮಸ್ಯೆ. ಇಂಟರ್‌ನೆಟ್ ಜೋರಾಗಲಿ ಎಂದು ಯಾರೋ ಕಂಪ್ಯೂಟರ್‌ಗಳ ಡಿಎನ್‌ಎಸ್ (ಹೆಸರನ್ನು ವಿಳಾಸವಾಗಿಸುವ ಸೇವೆ) ಜಾಗದಲ್ಲಿ ಗೂಗಲ್‌ನ 8.8.8.8 ಹಾಕಿರುತ್ತಾರೆ. ಡೊಮೈನ್ ಇರುವ ಕಚೇರಿಯಲ್ಲಿ ಅಲ್ಲಿ ಸರ್ವರ್‌ನ ವಿಳಾಸವೇ ಇರಬೇಕು. ಎಂದೋ ತೆಗೆದುಹಾಕಿದ ಯಂತ್ರಕ್ಕೆ ಮ್ಯಾಪ್ ಆಗಿ ಉಳಿದ ಡ್ರೈವ್ ಅಕ್ಷರಗಳೂ ಎಕ್ಸ್‌ಪ್ಲೋರರನ್ನು ಹೀಗೇ ನಿಲ್ಲಿಸುತ್ತವೆ, ಅಳಿಸಿಬಿಡಿ.

ಕೆಂಪು ಪಟ್ಟಿ

ನಾಲ್ಕು 1 ಟಿಬಿ ಡಿಸ್ಕ್‌ಗಳ ರೈಡ್ 5ರಲ್ಲಿ ವಿಂಡೋಸ್‌ಗೆ ಕಾಣುವುದು 2.7 ಟಿಬಿ. ಶೇ. 10ಕ್ಕಿಂತ ಕಡಿಮೆ ಜಾಗ ಉಳಿದರೆ ಹೊಸ ಫೈಲ್‌ಗಳು ಸಿಕ್ಕಸಿಕ್ಕ ಸಂದುಗಳಲ್ಲಿ ಚೂರುಚೂರಾಗಿ ಕೂರುತ್ತವೆ, ತಿರುಗುವ ಡಿಸ್ಕ್‌ಗೆ ಇದೇ ಶತ್ರು. ಶೇ. 20 ಖಾಲಿ ಮಾಡುವುದು ಗುರಿ.

ವಿಝ್‌ಟ್ರೀ ಎಂಬ ಸಣ್ಣ ತಂತ್ರಾಂಶ ಯಾವ ಫೋಲ್ಡರ್ ಎಷ್ಟು ತಿಂದಿದೆ ಎಂದು ಬೇಗನೆ ತೋರಿಸುತ್ತದೆ. ಸಾಮಾನ್ಯವಾಗಿ ಸಿಗುವವು: ಡಿ ಡ್ರೈವ್‌ನ ಬ್ಯಾಕಪ್ ಡಿ ಡ್ರೈವ್‌ನಲ್ಲೇ, ಫೈನಲ್ ಮತ್ತು ಫೈನಲ್ 2 ಎಂಬ ಅವಳಿ ಫೋಲ್ಡರ್‌ಗಳು, ಯಾರದೋ ಮದುವೆ ವಿಡಿಯೋ, ಔಟ್‌ಲುಕ್‌ನ ಪಿಎಸ್‌ಟಿ (ಇಮೇಲ್ ಸಂಗ್ರಹ) ಫೈಲ್‌ಗಳು. ಪಿಎಸ್‌ಟಿಯನ್ನು ಶೇರ್‌ನಲ್ಲಿ (ಸರ್ವರ್‌ನ ಹಂಚಿದ ಫೋಲ್ಡರ್) ಇಟ್ಟು ತೆರೆಯುವುದಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲವೇ ಇಲ್ಲ. ಆಯಾ ಕಂಪ್ಯೂಟರ್‌ಗೆ ಇಳಿಸಿ, ಅಲ್ಲಿಂದ ಬ್ಯಾಕಪ್ ತೆಗೆಯಿರಿ.

ನಿಮ್ಮಂಥ ಕಚೇರಿಯಲ್ಲಿ ದೊಡ್ಡ ಪಾಲು ಸ್ಕ್ಯಾನ್‌ನದು. ಎ4 ಹಾಳೆಯನ್ನು 600 ಡಿಪಿಐ ಬಣ್ಣದಲ್ಲಿ ಹಿಡಿದರೆ ಕುಗ್ಗಿಸುವ ಮುನ್ನ 104 ಎಂಬಿ. ಅದೇ ಹಾಳೆ 300 ಡಿಪಿಐ ಬೂದುಛಾಯೆಯಲ್ಲಿ 9 ಎಂಬಿಗೂ ಕಡಿಮೆ, 200 ಡಿಪಿಐ ಕಪ್ಪು-ಬಿಳುಪಿನಲ್ಲಿ ಅರ್ಧ ಎಂಬಿ. ವೋಚರ್, ಬಿಲ್‌ಗಳಿಗೆ 300 ಬೂದುಛಾಯೆ ಧಾರಾಳ. ಝೆರಾಕ್ಸ್ ಯಂತ್ರದ ಮೂಲ ಸೆಟ್ಟಿಂಗ್ ಬದಲಿಸಿದರೆ ಮುಂದಿನ ವರ್ಷದ ಜಾಗದ ಚಿಂತೆ ಮುಕ್ಕಾಲು ಮುಗಿಯುತ್ತದೆ. ಎಲ್ಲ ಸ್ಕ್ಯಾನ್‌ಗಳೂ ಒಂದೇ ಫೋಲ್ಡರ್‌ಗೆ ಬಿದ್ದು ಹತ್ತಾರು ಸಾವಿರವಾಗಿದ್ದರೆ, ವರ್ಷ-ಕಕ್ಷಿದಾರ ಎಂದು ಒಡೆಯಿರಿ. ಅಂಥ ಫೋಲ್ಡರ್ ತೆರೆಯುವುದೇ ಸರ್ವರ್‌ಗೆ ದೊಡ್ಡ ಕೆಲಸ.

ಹಳೆಯದನ್ನು ಅಳಿಸಬೇಡಿ, ಸಾಗಿಸಿ. ಕಂಪನಿ ಕಾಯ್ದೆ 2013ರ ಕಲಂ 128ರಂತೆ ಲೆಕ್ಕಪುಸ್ತಕಗಳನ್ನು 8 ಹಣಕಾಸು ವರ್ಷ ಇಡಬೇಕು; ಜಿಎಸ್‌ಟಿಯಲ್ಲಿ ಆ ವರ್ಷದ ವಾರ್ಷಿಕ ರಿಟರ್ನ್‌ನ ಗಡುವಿನಿಂದ 72 ತಿಂಗಳು. ಬೇರೆ ಡಿಸ್ಕ್‌ನಲ್ಲಿ ಓದಲು ಮಾತ್ರ ಬರುವ ಆರ್ಕೈವ್ ಎಂಬ ಶೇರ್ ಮಾಡಿ, ಮುಗಿದ ವರ್ಷಗಳನ್ನು ಅಲ್ಲಿಗೆ ಕಳಿಸಿ. ಯಾವುದು ಹಳತೆಂದು ಆರಿಸುವಾಗ ಕೊನೆಯ ಬದಲಾವಣೆಯ ದಿನಾಂಕ ನೋಡಿ. ಕೊನೆಯ ಸಲ ತೆರೆದ ದಿನಾಂಕವನ್ನು ಈ ವಿಂಡೋಸ್ ದಾಖಲಿಸುವುದೇ ಇಲ್ಲ, ಅದನ್ನು ನಂಬಿ ಆರಿಸಿದರೆ ಬಳಕೆಯ ಫೈಲ್‌ಗಳೂ ಹೋಗುತ್ತವೆ. ಆ ಆರ್ಕೈವ್‌ಗೂ ಬ್ಯಾಕಪ್ ಬೇಕು ಎಂಬುದು ನೆನಪಿರಲಿ.

ಜಾಗ ಆದ ಮೇಲೆ, ರೈಡ್ ಆರೋಗ್ಯವಾಗಿದ್ದರೆ, ಒಂದು ಭಾನುವಾರ ಡಿಫ್ರಾಗ್ ಮಾಡಬಹುದು. ಶ್ಯಾಡೋ ಕಾಪಿ (ಫೈಲ್‌ಗಳ ಹಳೆಯ ಆವೃತ್ತಿ ಇಡುವ ವ್ಯವಸ್ಥೆ) ಆನ್ ಇದ್ದರೆ ಡಿಫ್ರಾಗ್‌ನಿಂದ ಹಳೆಯ ಆವೃತ್ತಿಗಳು ಉದುರಿಹೋಗಬಹುದು. ಹಾಗೆಯೇ ಪವರ್ ಪ್ಲಾನ್ ಬ್ಯಾಲೆನ್ಸ್‌ಡ್ ಇದ್ದರೆ ಹೈ ಪರ್ಫಾರ್ಮೆನ್ಸ್‌ಗೆ ಬದಲಿಸಿ, ಫ್ಯಾನ್‌ಗಳ ಧೂಳು ತೆಗೆಸಿ. ಬ್ಲೋವರ್ ಹಿಡಿಯುವಾಗ ಫ್ಯಾನ್ ರೆಕ್ಕೆ ತಿರುಗದಂತೆ ಬೆರಳಲ್ಲಿ ತಡೆಯಿರಿ. ಡಿಸ್ಕ್‌ನ ಬಿಸಿ 50 ಡಿಗ್ರಿ ದಾಟುತ್ತಿದ್ದರೆ ಸರ್ವರನ್ನು ಆ ಮುಚ್ಚಿದ ಕಪಾಟಿನಿಂದಲೋ ಮೇಜಿನ ಸಂದಿಯಿಂದಲೋ ಹೊರಗೆ ತನ್ನಿ.

ಹೊಸ ಸರ್ವರ್ ಬೇಕೇ?

ಬೇಕು, ಆದರೆ ಈಗಿನ ಗಾಬರಿಯಲ್ಲಿ ಅಲ್ಲ. ವಿಂಡೋಸ್ ಸರ್ವರ್ 2012 ಆರ್2ಗೆ 2023ರ ಅಕ್ಟೋಬರ್ 10ರಂದೇ ಸಾಮಾನ್ಯ ಭದ್ರತಾ ಬೆಂಬಲ ಮುಗಿದಿದೆ. ಇಂದೇ ಮಾಡಬೇಕಾದ ಎರಡು ಕೆಲಸ: ರೌಟರ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್‌ನ 3389ನೇ ಪೋರ್ಟ್ ಸರ್ವರ್‌ಗೆ ತೆರೆದಿದ್ದರೆ ಮುಚ್ಚಿ, ಮತ್ತು ಎಸ್‌ಎಂಬಿ 1 ಎಂಬ ಹಳೆಯ ಫೈಲ್ ಹಂಚಿಕೆ ವಿಧಾನವನ್ನು ಆಫ್ ಮಾಡಿ (ಪೂರ್ತಿ ಕಿತ್ತುಹಾಕಲು ರೀಸ್ಟಾರ್ಟ್ ಬೇಕು, ಅದು ರೈಡ್ ಸರಿಯಾದ ಮೇಲೆ). 2017ರ ವಾನಾಕ್ರೈ ವೈರಸ್ ಹರಡಿದ್ದು ಎಸ್‌ಎಂಬಿ 1ರ ದಾರಿಯಲ್ಲೇ. ಆಫ್ ಮಾಡಿದ ಮೇಲೆ ಹಳೆಯ ಝೆರಾಕ್ಸ್ ಯಂತ್ರದ ಸ್ಕ್ಯಾನ್ ಶೇರ್‌ಗೆ ಬರುವುದು ನಿಲ್ಲಬಹುದು. ಅದಕ್ಕೆ ಎಫ್‌ಟಿಪಿ ಅಥವಾ ಇಮೇಲ್ ದಾರಿ ಕೊಡಿ, ಎಸ್‌ಎಂಬಿ 1 ಮರಳಿ ತರಬೇಡಿ.

ಮೂರು ತಿಂಗಳ ಅವಕಾಶವಿಟ್ಟು ಕೊಳ್ಳುವುದಾದರೆ, ಕೊಟೇಶನ್‌ನಲ್ಲಿ ಪ್ರೊಸೆಸರ್ ಹೆಸರಿಗಿಂತ ಡಿಸ್ಕ್ ಸಾಲು ಮೊದಲು ಓದಿ. ಮತ್ತೆ ತಿರುಗುವ ಡಿಸ್ಕ್‌ಗಳ ರೈಡ್ 5 ಬರೆದಿದ್ದರೆ ತಿರುಗಿಸಿ ಕಳಿಸಿ. ನಡೆಯುತ್ತಿರುವ ಡೇಟಾಕ್ಕೆ ಸರ್ವರ್ ದರ್ಜೆಯ ಎರಡು 1.92 ಟಿಬಿ ಎಸ್‌ಎಸ್‌ಡಿಗಳ ರೈಡ್ 1 (ಎರಡರಲ್ಲೂ ಒಂದೇ ಡೇಟಾ), ಆರ್ಕೈವ್‌ಗೆ ದೊಡ್ಡ ತಿರುಗುವ ಡಿಸ್ಕ್ ಎರಡು, 16 ಜಿಬಿ ಇಸಿಸಿ (ತಪ್ಪು ತಾನೇ ತಿದ್ದುವ) ರ‍್ಯಾಮ್: 16 ಜನಕ್ಕೆ ಇದು ಸಾಕಷ್ಟಾಯಿತು. ಲ್ಯಾಪ್‌ಟಾಪ್‌ಗೆ ಹಾಕುವ ಅಗ್ಗದ ಎಸ್‌ಎಸ್‌ಡಿ ಬೇಡ, ಕರೆಂಟ್ ಹೋದಾಗ ಬರಹ ಉಳಿಸುವ ಕೆಪ್ಯಾಸಿಟರ್ ಅದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಲೈಸೆನ್ಸ್ ವಿಚಾರದಲ್ಲಿ, 25 ಬಳಕೆದಾರರು ಮತ್ತು 50 ಸಾಧನಗಳ ಒಳಗಿರುವವರಿಗೆ ವಿಂಡೋಸ್ ಸರ್ವರ್ ಎಸೆನ್ಷಿಯಲ್ಸ್‌ನಲ್ಲಿ ತಲೆಗೊಂದು ಸಿಎಎಲ್ (ಸರ್ವರ್ ಬಳಸುವ ಲೈಸೆನ್ಸ್) ಕೊಳ್ಳಬೇಕಿಲ್ಲ, ಸ್ಟ್ಯಾಂಡರ್ಡ್‌ನಲ್ಲಿ ಬೇಕು. ಬಹಳ ಕೊಟೇಶನ್‌ಗಳಲ್ಲಿ ಈ ಮಾತು ಬರುವುದಿಲ್ಲ, ನೀವೇ ಕೇಳಿ. ಟ್ಯಾಲಿ ಒಂದೇ ನಿಮ್ಮ ದೊಡ್ಡ ನೋವಾದರೆ ಟ್ಯಾಲಿಪ್ರೈಮ್ ಸರ್ವರ್ ಎಂಬ ಪ್ರತ್ಯೇಕ ಉತ್ಪನ್ನವೂ ಇದೆ. ಆದರೆ ಎಸ್‌ಎಸ್‌ಡಿ ಬಂದ ಮೇಲೆ ಅದರ ಅಗತ್ಯ ಉಳಿಯುತ್ತದೆಯೇ ಎಂದು ನೋಡಿ ಆಮೇಲೆ ಹಣ ಹಾಕಿ.

ಸ್ಥಳಾಂತರದಲ್ಲಿ ಶೇರ್ ಹೆಸರು, ಡ್ರೈವ್ ಅಕ್ಷರ ಎರಡನ್ನೂ ಹಾಗೇ ಉಳಿಸಿಕೊಳ್ಳಿ. ಇಲ್ಲದಿದ್ದರೆ ಒಂದು ಎಕ್ಸೆಲ್‌ನಿಂದ ಇನ್ನೊಂದಕ್ಕಿರುವ ಲಿಂಕ್‌ಗಳೆಲ್ಲ ಮುರಿದು, ಆಡಿಟ್ ಹೊತ್ತಿಗೆ ಒಂದೊಂದಾಗಿ ಎದುರಾಗುತ್ತವೆ. ವಾರದ ಮೊದಲೇ ರೋಬೋಕಾಪಿಯ ಒಂದು ಸುತ್ತು, ಶನಿವಾರ ರಾತ್ರಿ ಎಲ್ಲರೂ ಮುಚ್ಚಿದ ಮೇಲೆ ಬದಲಾದದ್ದರ ಎರಡನೇ ಸುತ್ತು, ಸೋಮವಾರ ಹೊಸದರಲ್ಲಿ ಕೆಲಸ. ಹಳೇ ಸರ್ವರ್‌ನ ನೆಟ್‌ವರ್ಕ್ ಕೇಬಲ್ ಕಿತ್ತು ಮುಂದಿನ ಜಿಎಸ್‌ಟಿ ಸುತ್ತು ಮುಗಿಯುವವರೆಗೆ ಹಾಗೇ ಇಟ್ಟಿರಿ. ಗುಜರಿಗೆ ಹಾಕುವ ಮುನ್ನ ನಾಲ್ಕೂ ಡಿಸ್ಕ್ ಬಿಚ್ಚಿಕೊಳ್ಳಿ. ಬರೀ ಕ್ವಿಕ್ ಫಾರ್ಮ್ಯಾಟ್‌ನಿಂದ ಕಕ್ಷಿದಾರರ ಪ್ಯಾನ್, ಆಧಾರ್ ಪ್ರತಿಗಳು ಅಳಿಯುವುದಿಲ್ಲ. ಪೂರ್ತಿ ಸೊನ್ನೆ ಬರೆಯಿಸಿ, ಓದಲಾಗದೆ ಸತ್ತದ್ದಕ್ಕೆ ತಟ್ಟೆಗಳ ಮೂಲಕ ಡ್ರಿಲ್ ಹಾಯಿಸಿ ಕೊಡಿ.